ಚುಕ್ಕಿಯ ಕೆಳಗೆ ಚುಕ್ಕಿ

(ಸಾಕ್ಷರತಾ ಕೇಂದ್ರದಲ್ಲಿ ಸಂಜೆಯ ಪಾಠದ ಹೊತ್ತು ಆಡಿದ ಮಾತು)

ಹೊಲದ ಕೆಲಸ, ಮನೆ ಕೆಲಸ, ದನಕರುಗಳ ಕೆಲಸ ಎಲ್ಲ ಮುಗಿಸಿ ಬಂದಿದ್ದೀರಿ. ನಿಮಗೆ ದಣಿವಾಗಿದೆ ಅಂತ ನಮಗೆ ಗೊತ್ತು. ಅದಕ್ಕೇ ಇವತ್ತು ನಾವು ದೊಡ್ಡ ವಿಷಯ ತಂದಿಲ್ಲ. ಬಹಳ ಚಿಕ್ಕ ವಿಷಯ ತಂದಿದ್ದೀವಿ. ಎಷ್ಟು ಚಿಕ್ಕದು? ಒಂದು ಚುಕ್ಕಿಯಷ್ಟು.

ಲೆಕ್ಕದಲ್ಲಿ ಬರುವ ಚುಕ್ಕಿ ಅದು. ಪುಸ್ತಕದಲ್ಲಿ ಅದನ್ನು ದಶಮಾಂಶ ಬಿಂದು ಅನ್ನುತ್ತಾರೆ. ಅಂಗಡಿಯಲ್ಲಿ, ಡೈರಿಯಲ್ಲಿ, ಬ್ಯಾಂಕಿನಲ್ಲಿ ‘ಪಾಯಿಂಟು’ ಅನ್ನುತ್ತಾರೆ. ನಾವು ಇಲ್ಲಿ ಚುಕ್ಕಿ ಅಂತಲೇ ಕರೆಯೋಣ.

ಈ ಚುಕ್ಕಿಯ ಪಾಠ ನಮ್ಮ ಕೇಂದ್ರದಲ್ಲಿ ಹೇಗೆ ಶುರುವಾಯಿತು? ಮೊದಲು ಅದನ್ನು ಹೇಳ್ತೀವಿ.

ಹಾಲಿನ ಚೀಟಿ

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಎರಡು ಹಸು ಸಾಕಿದ್ದಾರೆ. ದಿನಾ ಬೆಳಿಗ್ಗೆ, ಸಂಜೆ ಡೈರಿಗೆ ಹಾಲು ಹಾಕ್ತಾರೆ. ಡೈರಿಯಲ್ಲಿ ಕೊಡುವ ಚೀಟಿಗಳನ್ನು ಒಂದೂ ಬಿಡದೆ ಗೋಡೆಯ ಮೊಳೆಗೆ ಚುಚ್ಚಿ ಇಡ್ತಾರೆ. ಓದಲು ಬಾರದಿದ್ದಾಗಲೂ ಇಡುತ್ತಿದ್ದರು. ‘ಒಂದಿನ ಓದಿಕೊಳ್ತೀನಿ’ ಅನ್ನುತ್ತಿದ್ದರು.

ಅಂಕಿಗಳನ್ನು ಕಲಿತ ಮೇಲೆ ಅವರು ಹತ್ತು ದಿನದ ಚೀಟಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಎಲ್ಲವನ್ನೂ ಚಾಪೆಯ ಮೇಲೆ ಸಾಲಾಗಿ ಹರಡಿದರು. ಬೆಳಗಿನ ಹಾಲು 4.5 ಲೀಟರ್ ಅಂತ ಎಂಟು ಚೀಟಿಗಳಲ್ಲಿ ಇತ್ತು. ಅವು ಯಂತ್ರದ ಚೀಟಿಗಳು. ಎರಡು ದಿನ ಕರೆಂಟು ಇರಲಿಲ್ಲ. ಆ ಎರಡು ಚೀಟಿಗಳನ್ನು ಕೈಯಲ್ಲಿ ಬರೆದಿದ್ದರು. ಅವುಗಳಲ್ಲಿ 4.05 ಅಂತ ಇತ್ತು.

ಅಕ್ಕ ಕೇಳಿದರು: “ಇದು ಹೆಚ್ಚೋ, ಕಡಿಮೆಯೋ?”

ಪಕ್ಕದಲ್ಲಿ ಕೂತಿದ್ದ ಒಬ್ಬರು ಹೇಳಿದರು: “ಹೆಚ್ಚೇ ಇರಬೇಕು. ನೋಡು, ಅದರಲ್ಲಿ ಎರಡು ಅಂಕಿ ಇದೆ. ಇದರಲ್ಲಿ ಮೂರು ಇದೆ.”

ಇನ್ನೊಬ್ಬರು ಹೇಳಿದರು: “ಸೊನ್ನೆಗೆ ಏನು ಬೆಲೆ? ಎರಡೂ ಒಂದೇ.”

ಅಕ್ಕ ಸುಮ್ಮನಿದ್ದರು. ಆಮೇಲೆ ಹೇಳಿದರು: “ಆ ಎರಡು ದಿನವೂ ನನ್ನ ಕ್ಯಾನು ಅದೇ ಗೆರೆ ತನಕ ತುಂಬಿತ್ತು. ಹಸು ಒಂದೇ, ಹಾಲು ಒಂದೇ. ಅಂಕಿ ಮಾತ್ರ ಯಾಕೆ ಬೇರೆ?”

ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕೋಣ ಬನ್ನಿ.

ಚುಕ್ಕಿ ಏನು ಹೇಳುತ್ತೆ?

ಚುಕ್ಕಿ ಒಂದು ಗಡಿ ಇದ್ದ ಹಾಗೆ. ಚುಕ್ಕಿಯ ಎಡಕ್ಕೆ ಇರುವುದು ಇಡೀ ವಸ್ತು. ಬಲಕ್ಕೆ ಇರುವುದು ತುಂಡು.

ನಿಮಗೆ ತುಂಡುಗಳ ಲೆಕ್ಕ ಹೊಸದಲ್ಲ. ಕಾಲು, ಅರ್ಧ, ಮುಕ್ಕಾಲು ಅಂತ ದಿನಾ ಹೇಳ್ತೀರಿ. ಒಂದೂಕಾಲು ಸೇರು, ಎರಡೂವರೆ ಕೆ.ಜಿ. ಅಂತ ಬಾಯಲ್ಲೇ ಲೆಕ್ಕ ಹಾಕ್ತೀರಿ. ಅದನ್ನೇ ಚುಕ್ಕಿ ಇಟ್ಟು ಬರೆದರೆ ಹೀಗೆ:

ಕಾಲು – 0.25
ಅರ್ಧ – 0.5
ಮುಕ್ಕಾಲು – 0.75
ಒಂದೂಕಾಲು – 1.25
ಎರಡೂವರೆ – 2.5

ಚುಕ್ಕಿ ದಾಟಿದ ಕೂಡಲೇ ಬರುವ ಮೊದಲ ಮನೆ ಹತ್ತನೇ ಒಂದು ಭಾಗದ್ದು. ಅದರ ಮುಂದಿನ ಮನೆ ನೂರನೇ ಒಂದು ಭಾಗದ್ದು. ಅದರಾಚೆಯ ಮನೆ ಸಾವಿರದ ಒಂದು ಭಾಗದ್ದು. ಬಲಕ್ಕೆ ಹೋದ ಹಾಗೆಲ್ಲ ತುಂಡು ಹತ್ತು ಪಟ್ಟು ಚಿಕ್ಕದಾಗುತ್ತೆ.

ಒಂದು ಲೀಟರ್ ಅಂದರೆ 1000 ಮಿಲಿ. ಅದರ ಹತ್ತನೇ ಒಂದು ಭಾಗ 100 ಮಿಲಿ. ನೂರನೇ ಒಂದು ಭಾಗ 10 ಮಿಲಿ.

ಈಗ ಚೀಟಿ ನೋಡೋಣ. 4.5ರಲ್ಲಿ 5 ಮೊದಲ ಮನೆಯಲ್ಲಿದೆ. ಅಂದರೆ ಐದು ನೂರು ಮಿಲಿ. ಹಾಲು 4 ಲೀಟರ್ 500 ಮಿಲಿ. ನಾಲ್ಕೂವರೆ ಲೀಟರ್.

4.05ರಲ್ಲಿ ಮೊದಲ ಮನೆಯಲ್ಲಿ ಸೊನ್ನೆ ಕೂತಿದೆ. 5 ಎರಡನೇ ಮನೆಗೆ ಹೋಗಿದೆ. ಅಂದರೆ ಐದು ಹತ್ತು, ಬರೀ 50 ಮಿಲಿ. ಹಾಲು 4 ಲೀಟರ್ 50 ಮಿಲಿ.

ನೋಡಿದಿರಾ? ಅಂಕಿ ಉದ್ದ ಇದ್ದ ಮಾತ್ರಕ್ಕೆ ದೊಡ್ಡದಲ್ಲ. ಐದು ಯಾವ ಮನೆಯಲ್ಲಿ ಕೂತಿದೆ ಅನ್ನುವುದು ಮುಖ್ಯ.

ಸೊನ್ನೆಯ ಬಗ್ಗೆ ಎರಡು ಮಾತು ನೆನಪಿಡಿ.

ಕೊನೆಯಲ್ಲಿ ಬರುವ ಸೊನ್ನೆ ಬೆಲೆ ಬದಲಿಸೋದಿಲ್ಲ. 4.5 ಅಂದರೂ 4.50 ಅಂದರೂ 4.500 ಅಂದರೂ ನಾಲ್ಕೂವರೆಯೇ.

ಚುಕ್ಕಿಯ ಪಕ್ಕದಲ್ಲೇ ಬರುವ ಸೊನ್ನೆ ಬೆಲೆ ಬದಲಿಸುತ್ತೆ. 4.5 ಬೇರೆ, 4.05 ಬೇರೆ. ಓದುವಾಗಲೂ ಸೊನ್ನೆಯನ್ನು ನುಂಗಬಾರದು. ‘ನಾಲ್ಕು ಪಾಯಿಂಟು ಸೊನ್ನೆ ಐದು’ ಅಂತ ಪೂರ್ತಿ ಓದಬೇಕು.

ಹಾಲಿನ ವಿಷಯದಲ್ಲೇ ಇನ್ನೊಂದು ಉದಾಹರಣೆ ಇದೆ. ಒಂದು ಲೀಟರ್ ಹಾಲನ್ನು ತೂಗಿದರೆ ಸುಮಾರು 1.03 ಕೆ.ಜಿ. ಬರುತ್ತೆ. ಅಂದರೆ ಒಂದು ಕೆ.ಜಿ. ಮೂವತ್ತು ಗ್ರಾಂ. ಇದನ್ನು 1.3 ಅಂತ ಓದಿದರೆ ಒಂದು ಕೆ.ಜಿ. ಮುನ್ನೂರು ಗ್ರಾಂ ಆಗಿಬಿಡುತ್ತೆ. ಒಂದು ಸೊನ್ನೆ ನುಂಗಿದ್ದಕ್ಕೆ 270 ಗ್ರಾಂ ವ್ಯತ್ಯಾಸ!

ಆಣೆ ಹೋಗಿ ಪೈಸೆ ಬಂತು

ನಮ್ಮ ಅಜ್ಜಿಯರ ಕಾಲದಲ್ಲಿ ಈ ಚುಕ್ಕಿ ಇಷ್ಟು ಬೇಕಾಗಿರಲಿಲ್ಲ. ಆಗ ಒಂದು ರೂಪಾಯಿಗೆ ಹದಿನಾರು ಆಣೆ. ಒಂದು ಆಣೆಗೆ ಹನ್ನೆರಡು ಪೈ. ಐದಾಣೆಗೆ ಹದಿಮೂರಾಣೆ ಸೇರಿಸಿದರೆ ಹದಿನೆಂಟಾಣೆ. ಅಂದರೆ ಒಂದು ರೂಪಾಯಿ ಎರಡಾಣೆ. ಹದಿನಾರಕ್ಕೆ ಒಂದು ಕಟ್ಟು, ಹನ್ನೆರಡಕ್ಕೆ ಇನ್ನೊಂದು ಕಟ್ಟು. ಶಾಲೆಗೆ ಹೋಗದ ಅಜ್ಜಿಯರು ಇದನ್ನೆಲ್ಲ ಬೆರಳಲ್ಲೇ ಮಾಡುತ್ತಿದ್ದರು.

1957ರ ಏಪ್ರಿಲ್ 1ರಂದು ದೇಶದಲ್ಲಿ ದಶಮಾಂಶ ನಾಣ್ಯ ಬಂತು. ಒಂದು ರೂಪಾಯಿಗೆ ನೂರು ಪೈಸೆ ಆಯಿತು. ಅದಕ್ಕೆ ಮೊದಲು ‘ನಯಾ ಪೈಸೆ’ ಅಂತ ಹೆಸರಿತ್ತು. 1958ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಸೇರು, ತೊಲ ಹೋಗಿ ಕಿಲೋ, ಗ್ರಾಂ ಬಂದವು. ಎಲ್ಲ ಕಟ್ಟುಗಳೂ ಹತ್ತರ ಕಟ್ಟುಗಳಾದವು. ಅದಕ್ಕೇ ಚುಕ್ಕಿಯ ಲೆಕ್ಕ ಸುಲಭವಾಯಿತು. ಬಿಡಿ, ಹತ್ತು, ನೂರು ಕೂಡುವುದು ಗೊತ್ತಿದ್ದರೆ ಸಾಕು, ಚುಕ್ಕಿ ಲೆಕ್ಕವೂ ಬರುತ್ತೆ.

ಆದರೂ ನಾವು ಇನ್ನೂ ‘ಹದಿನಾರಾಣೆ ಸತ್ಯ’ ಅಂತೀವಿ, ಅಲ್ವಾ? ಮಾತಿನಲ್ಲಿ ಆಣೆ ಉಳಿದಿದೆ.

ಈಗ ಪೈಸೆಯ ನಾಣ್ಯಗಳೂ ಕೈಯಲ್ಲಿ ಓಡಾಡುವುದು ನಿಂತಿದೆ. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆಯನ್ನು 2011ರ ಜೂನ್ 30ರಂದು ನಿಲ್ಲಿಸಿದರು. ನಾಣ್ಯ ಹೋಯಿತು, ಆದರೆ ಲೆಕ್ಕ ಹೋಗಲಿಲ್ಲ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ, ಸಂಘದ ಸಾಲದ ಬಡ್ಡಿಯಲ್ಲಿ, ಕರೆಂಟು ಬಿಲ್ಲಿನಲ್ಲಿ, ಹಾಲಿನ ಚೀಟಿಯಲ್ಲಿ ಪೈಸೆ ಇನ್ನೂ ಇದೆ. ಚುಕ್ಕಿಯ ಬಲಗಡೆ ಕೂತಿದೆ.

ಕೂಡುವುದು: ನಾವು ಮಾಡಿದ ತಪ್ಪು

ಈಗ ಕೂಡುವ ಲೆಕ್ಕಕ್ಕೆ ಬರೋಣ. ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ತೀವಿ.

ಒಂದು ಸಂಜೆ ಹೊತ್ತು ಮೀರಿತ್ತು. ಎಲ್ಲರಿಗೂ ಮನೆಗೆ ಹೋಗುವ ಅವಸರ. ನಾವು ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದೆವು. ಚೀಲದಲ್ಲಿ 12.5 ಕೆ.ಜಿ. ರಾಗಿ ಇದೆ. ಅದಕ್ಕೆ 1.25 ಕೆ.ಜಿ. ಸೇರಿಸಿದೆವು. ಒಟ್ಟು ಎಷ್ಟು?

ಅವಸರದಲ್ಲಿ ನಾವು ಬಲಗಡೆಯ ತುದಿಯನ್ನು ಸರಿಮಾಡಿ ಬರೆದೆವು. ಚುಕ್ಕಿಯನ್ನು ನೋಡಲಿಲ್ಲ. ಮೇಲೆ 1, 2, 5. ಕೆಳಗೆ 1, 2, 5. ಕೂಡಿದೆವು. 250 ಬಂತು. ಕೆಳಗಿನ ಸಾಲಿನ ಚುಕ್ಕಿ ನೋಡಿ 2.50 ಅಂತ ಬರೆದುಬಿಟ್ಟೆವು.

ಹಿಂದೆ ಕೂತಿದ್ದ ಒಬ್ಬ ಅಜ್ಜಿ ನಗೋದಕ್ಕೆ ಶುರು ಮಾಡಿದರು. ಅವರಿಗೆ ಆಗಿನ್ನೂ ಅಕ್ಷರ ಸರಿಯಾಗಿ ಕೂಡಿ ಬರುತ್ತಿರಲಿಲ್ಲ. “ಅಲ್ಲಮ್ಮಾ, ಹನ್ನೆರಡೂವರೆ ಕಿಲೋ ಚೀಲಕ್ಕೆ ಇನ್ನಷ್ಟು ರಾಗಿ ಸುರಿದರೆ ಎರಡೂವರೆ ಕಿಲೋ ಆಗುತ್ತಾ? ಮಿಕ್ಕಿದ್ದನ್ನು ಇಲಿ ತಿಂತಾ?” ಅಂದರು.

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಮನಸ್ಸಿಗೆ ನಾಟಿತು. ಶಿಕ್ಷಕರ ತರಬೇತಿ ಪಡೆದವರು ನಾವು. ಅಜ್ಜಿ ಬಾಯಿಲೆಕ್ಕದಲ್ಲಿ ಸರಿ ಇದ್ದರು. ನಾವು ಬೋರ್ಡಿನ ಮೇಲೆ ತಪ್ಪಿದ್ದೆವು.

“ಸರಿ ಉತ್ತರ ಎಷ್ಟು, ಅಜ್ಜಿ?” ಅಂತ ಕೇಳಿದೆವು.

“ಹನ್ನೆರಡೂವರೆಗೆ ಒಂದು ಸೇರಿಸಿದರೆ ಹದಿಮೂರೂವರೆ. ಅದಕ್ಕೆ ಕಾಲು ಸೇರಿಸಿದರೆ ಹದಿಮೂರು ಮುಕ್ಕಾಲು” ಅಂದರು.

ಸರಿಯಾಗಿ ಬರೆದರೆ ಹೀಗೆ:

12.50
+ 1.25
———
13.75

ಹದಿಮೂರು ಮುಕ್ಕಾಲು. ಅಜ್ಜಿ ಹೇಳಿದ್ದೇ ಬಂತು.

ಆವತ್ತು ನಾವು ಎರಡು ಪಾಠ ಕಲಿತೆವು.

ಮೊದಲನೇದು: ಚುಕ್ಕಿಯ ಕೆಳಗೆ ಚುಕ್ಕಿ ಬರಬೇಕು. ನೀವು ಬಾಗಿಲ ಮುಂದೆ ಚುಕ್ಕಿ ರಂಗೋಲಿ ಹಾಕ್ತೀರಲ್ಲ, ಹಾಗೆ. ಒಂದು ಚುಕ್ಕಿ ಪಕ್ಕಕ್ಕೆ ಸರಿದರೆ ಗೆರೆ ಎಲ್ಲ ಕೆಡುತ್ತೆ. ಲೆಕ್ಕವೂ ಹಾಗೇ. ಬಲಗಡೆ ಮನೆ ಖಾಲಿ ಇದ್ದರೆ ಸೊನ್ನೆ ಬರೆದು ತುಂಬಿಸಿ. 12.5 ಅನ್ನು 12.50 ಮಾಡಿಕೊಳ್ಳಿ. ಚುಕ್ಕಿಯೇ ಇಲ್ಲದ 45 ರೂಪಾಯಿಯನ್ನು 45.00 ಅಂತ ಬರೆದುಕೊಳ್ಳಿ.

ಎರಡನೇದು: ಬರೆಯುವ ಮೊದಲು ಮನಸ್ಸಿನಲ್ಲಿ ಒಂದು ಅಂದಾಜು ಮಾಡಿ. ಉತ್ತರ ಅದರ ಹತ್ತಿರ ಬಾರದಿದ್ದರೆ ಇನ್ನೊಮ್ಮೆ ನೋಡಿ. ನಿಮ್ಮ ಬಾಯಿಲೆಕ್ಕವನ್ನು ಬಿಡಬೇಡಿ. ಬರವಣಿಗೆ ಬಂತು ಅಂತ ಅದನ್ನು ಮರೆಯಬೇಡಿ. ಎರಡೂ ಒಂದಕ್ಕೊಂದು ಕಾವಲು.

ಅಂಗಡಿಯ ಬಿಲ್ಲು

ಈಗ ಅಂಗಡಿಗೆ ಹೋಗೋಣ. ಈರುಳ್ಳಿಗೆ 46.50 ರೂಪಾಯಿ. ಬೇಳೆಗೆ 82.75. ಸಕ್ಕರೆಗೆ 45. ಒಟ್ಟು ಎಷ್ಟು?

ಮೊದಲು ಅಂದಾಜು. ಸುಮಾರು 50, ಸುಮಾರು 80, ಸುಮಾರು 45. ಒಟ್ಟು 175ರ ಆಸುಪಾಸು. ಈಗ ಬರೆಯೋಣ:

46.50
82.75
45.00
———
174.25

ಕೊನೆಯ ಮನೆಯಿಂದ ಶುರು ಮಾಡಿ. 0, 5, 0 ಕೂಡಿದರೆ 5. ಮುಂದೆ 5, 7, 0 ಕೂಡಿದರೆ 12. 2 ಬರೆದು 1 ಅನ್ನು ಚುಕ್ಕಿ ದಾಟಿಸಿ ಎಡಗಡೆ ಮನೆಗೆ ಕೊಡಿ. ನೂರು ಪೈಸೆ ತುಂಬಿದರೆ ಒಂದು ರೂಪಾಯಿ ಆಗುತ್ತಲ್ಲ, ಅದೇ ಇದು. 1, 6, 2, 5 ಕೂಡಿದರೆ 14. 4 ಬರೆದು 1 ಮುಂದಕ್ಕೆ. 1, 4, 8, 4 ಕೂಡಿದರೆ 17. ಚುಕ್ಕಿಯನ್ನು ಚುಕ್ಕಿಯ ಕೆಳಗೇ ಇಳಿಸಿ. 174.25.

ಅಂಗಡಿಯವರು 25 ಪೈಸೆ ಬಿಟ್ಟು 174 ತಗೊಳ್ಳಬಹುದು. ಬಿಲ್ಲಿನಲ್ಲಿ ಹಾಗೆ ಸರಿಮಾಡುವ ಪದ್ಧತಿ ಇದೆ. 50 ಪೈಸೆಗಿಂತ ಕಡಿಮೆ ಇದ್ದರೆ ಬಿಡುತ್ತಾರೆ. ಹೆಚ್ಚಿದ್ದರೆ ಒಂದು ರೂಪಾಯಿ ಮಾಡುತ್ತಾರೆ. ಎಷ್ಟು ಬಿಟ್ಟರು, ಎಷ್ಟು ಸೇರಿಸಿದರು ಅಂತ ನೋಡಿಕೊಳ್ಳಿ.

ಯಂತ್ರದ ತಕ್ಕಡಿಯಲ್ಲಿ ತೂಗುವಾಗ ಇನ್ನೊಂದು ವಿಷಯ. ಸಾಮಾನು ಇಡುವ ಮೊದಲು ತಕ್ಕಡಿ 0.000 ತೋರಿಸಬೇಕು. 0.050 ತೋರಿಸುತ್ತಿದ್ದರೆ ಆಗಲೇ 50 ಗ್ರಾಂ ಏರಿದೆ ಅಂತ ಅರ್ಥ. “ಸೊನ್ನೆ ಮಾಡಿ ತೂಗಿ” ಅಂತ ಕೇಳಿ. ಹಾಗೆ ಕೇಳುವುದು ಜಗಳವಲ್ಲ.

ಕಳೆಯುವುದು

ಈಗ 200 ರೂಪಾಯಿ ಕೊಟ್ಟಿರಿ ಅಂತ ಇಟ್ಟುಕೊಳ್ಳೋಣ. ಬಿಲ್ಲು 174.25. ಪೂರ್ತಿ ಲೆಕ್ಕದಲ್ಲಿ ಎಷ್ಟು ವಾಪಸ್ಸು ಬರಬೇಕು?

ಬಾಯಿಲೆಕ್ಕದ ದಾರಿ ಹೀಗಿದೆ. 174.25ಕ್ಕೆ 75 ಪೈಸೆ ಸೇರಿಸಿದರೆ 175. ಅದಕ್ಕೆ 25 ಸೇರಿಸಿದರೆ 200. ಹಾಗಾದರೆ ವಾಪಸ್ಸು 25.75.

ಬರೆಯುವ ದಾರಿ:

200.00
– 174.25
———
25.75

ಸೊನ್ನೆಯಿಂದ 5 ಕಳೆಯಲು ಆಗೋದಿಲ್ಲ. ಪಕ್ಕದ ಮನೆಯಲ್ಲೂ ಸೊನ್ನೆ. ಹಾಗಿದ್ದಾಗ 200 ರೂಪಾಯಿಯಿಂದ ಒಂದು ರೂಪಾಯಿಯನ್ನು ಚಿಲ್ಲರೆ ಮಾಡಿಸಿ. 199 ರೂಪಾಯಿ, 100 ಪೈಸೆ. ಈಗ 100 ಪೈಸೆಯಿಂದ 25 ಕಳೆಯಿರಿ. 75 ಉಳಿಯಿತು. 199ರಿಂದ 174 ಕಳೆಯಿರಿ. 25 ಉಳಿಯಿತು. ಎರಡು ದಾರಿಯಲ್ಲೂ ಒಂದೇ ಉತ್ತರ.

ಕಳೆದ ಮೇಲೆ ತಾಳೆ ನೋಡಿ. 25.75ಕ್ಕೆ 174.25 ಕೂಡಿದರೆ 200 ಬರಬೇಕು. ಬಂದರೆ ಸರಿ.

ಚಿನ್ನ ಅಡ ಇಡುವಾಗಲೂ ಕಳೆಯುವ ಲೆಕ್ಕ ಬರುತ್ತೆ. ಕಷ್ಟಕಾಲದಲ್ಲಿ ಕೊರಳಿನ ಸರವನ್ನು ಅಡ ಇಡಬೇಕಾಗುತ್ತೆ. ರಸೀದಿಯಲ್ಲಿ ಎರಡು ತೂಕ ಬರೆಯುತ್ತಾರೆ. ಒಂದು, ಒಟ್ಟು ತೂಕ. ಇನ್ನೊಂದು, ಹರಳು, ಅರಗು ಕಳೆದ ಮೇಲಿನ ನಿವ್ವಳ ತೂಕ. ಒಟ್ಟು ತೂಕ 16.200 ಗ್ರಾಂ. ಹರಳಿಗೆ 0.750 ಗ್ರಾಂ ಕಳೆದರು. ನಿವ್ವಳ ಎಷ್ಟು?

16.200
– 0.750
———
15.450

ಹದಿನೈದು ಗ್ರಾಂ, ಮೇಲೆ 450 ಮಿಲಿಗ್ರಾಂ. ಇಲ್ಲಿ ಯಾರಾದರೂ 0.750 ಅನ್ನುವ ಕಡೆ ಚುಕ್ಕಿ ತಪ್ಪಿಸಿ 7.50 ಅಂತ ಬರೆದರೆ 8.700 ಗ್ರಾಂ ಮಾತ್ರ ಉಳಿಯುತ್ತೆ. ಸಾಲ ಕೊಡುವುದು ನಿವ್ವಳ ತೂಕದ ಮೇಲೆ. ಅದಕ್ಕೇ ಸಹಿ ಹಾಕುವ ಮೊದಲು ರಸೀದಿಯ ಮೂರೂ ಅಂಕಿಗಳನ್ನು ಓದಿ. ಕಳೆದು ನೋಡಿ. ಬಿಡಿಸಿಕೊಂಡು ಬರುವಾಗ ಮತ್ತೆ ತೂಗಿಸಿ, ರಸೀದಿಗೆ ತಾಳೆ ನೋಡಿ.

ಮಗುವಿನ ತೂಕ, ಮಗುವಿನ ಔಷಧಿ

ಚುಕ್ಕಿ ಬರೀ ದುಡ್ಡಿನ ವಿಷಯ ಅಲ್ಲ.

ಮಗು ಹುಟ್ಟಿದಾಗ 2.6 ಕೆ.ಜಿ. ಇತ್ತು. ಒಂದು ತಿಂಗಳಿಗೆ ಅಂಗನವಾಡಿಯಲ್ಲಿ ತೂಗಿದರು. 3.45 ಕೆ.ಜಿ. ಬಂತು. ಎಷ್ಟು ಹೆಚ್ಚಾಯಿತು?

ಕೆಲವರು 45ರಲ್ಲಿ 6 ಕಳೆದು 39 ಅಂತಾರೆ. 3ರಲ್ಲಿ 2 ಕಳೆದು 1 ಅಂತಾರೆ. 1.39 ಅಂತ ಬರೀತಾರೆ. ಇದು ತಪ್ಪು. 2.6 ಅಂದರೆ 2.60. ಎರಡು ಕೆ.ಜಿ. ಆರು ಗ್ರಾಂ ಅಲ್ಲ, ಎರಡು ಕೆ.ಜಿ. ಆರು ನೂರು ಗ್ರಾಂ.

3.45
– 2.60
———
0.85

ಮಗು 850 ಗ್ರಾಂ ಹೆಚ್ಚಾಗಿದೆ. ಹುಟ್ಟಿದಾಗ 2.5 ಕೆ.ಜಿ.ಗಿಂತ ಕಡಿಮೆ ಇದ್ದರೆ ಅದನ್ನು ಕಡಿಮೆ ತೂಕದ ಮಗು ಅನ್ನುತ್ತಾರೆ. ಅಂಥ ಮಗುವಿಗೆ ಹೆಚ್ಚಿನ ಆರೈಕೆ ಬೇಕು. 2.45 ದೊಡ್ಡದೋ, 2.5 ದೊಡ್ಡದೋ? ಈಗ ನಿಮಗೇ ಗೊತ್ತು. 2.50 ದೊಡ್ಡದು. 2.45 ಕಡಿಮೆ ತೂಕ.

ರಕ್ತ ಪರೀಕ್ಷೆಯ ಚೀಟಿಯಲ್ಲೂ ಚುಕ್ಕಿ ಇದೆ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಬಸುರಿಗೆ 11 ಇರಬೇಕು. ಒಬ್ಬ ಬಸುರಿಗೆ 9.5 ಇತ್ತು. ಕಬ್ಬಿಣದ ಮಾತ್ರೆ ತಗೊಂಡ ಮೇಲೆ 10.8 ಆಯಿತು. 1.3 ಏರಿತು. 11 ಮುಟ್ಟಲು ಇನ್ನೂ 0.2 ಬೇಕು. ಅಂದರೆ ಮಾತ್ರೆಯನ್ನು ಮಧ್ಯದಲ್ಲಿ ಬಿಡುವ ಹಾಗಿಲ್ಲ. ಚೀಟಿ ಓದಲು ಬಂದರೆ ಇದು ನಮಗೇ ತಿಳಿಯುತ್ತೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮಕ್ಕಳ ಔಷಧಿ. ಚೀಟಿಯಲ್ಲಿ 2.5 ಮಿಲಿ ಅಂತ ಬರೆದಿರುತ್ತೆ. ಚುಕ್ಕಿ ಕಾಣದೆ 25 ಮಿಲಿ ಕುಡಿಸಿದರೆ ಹತ್ತು ಪಟ್ಟು ಔಷಧಿ ಮಗುವಿನ ಹೊಟ್ಟೆಗೆ ಹೋಗುತ್ತೆ. ಪ್ರಾಣಕ್ಕೇ ಅಪಾಯ ಆಗಬಹುದು. ಅನೇಕ ಔಷಧಿ ಬಾಟಲಿಗಳ ಮುಚ್ಚಳದಲ್ಲಿ 2.5, 5, 10 ಅಂತ ಗೆರೆ ಇರುತ್ತೆ. ಯಾವ ಗೆರೆ ತನಕ ಅಂತ ನರ್ಸಮ್ಮನ ಹತ್ತಿರ ಬೆರಳಿಟ್ಟು ತೋರಿಸಿಕೊಳ್ಳಿ. ಅನುಮಾನ ಇದ್ದರೆ ಕೇಳದೆ ಕುಡಿಸಬೇಡಿ.

ನೀವು ಬರೆಯುವಾಗಲೂ ಒಂದು ಅಭ್ಯಾಸ ಇಟ್ಟುಕೊಳ್ಳಿ. ಅರ್ಧವನ್ನು .5 ಅಂತ ಬರೆಯಬೇಡಿ. 0.5 ಅಂತ ಬರೆಯಿರಿ. ಮುಂದೆ ಸೊನ್ನೆ ಇದ್ದರೆ, ಇಲ್ಲಿ ಚುಕ್ಕಿ ಇದೆ ಅಂತ ಕಣ್ಣಿಗೆ ತಿಳಿಯುತ್ತೆ. ಇಲ್ಲದಿದ್ದರೆ ಅರ್ಧ ಹೋಗಿ ಐದು ಆಗಿಬಿಡುತ್ತೆ.

ಗಡಿಯಾರದ ಚುಕ್ಕಿ ಬೇರೆ

ಒಂದು ಎಚ್ಚರಿಕೆ. ಎಲ್ಲ ಚುಕ್ಕಿಯೂ ದಶಮಾಂಶದ ಚುಕ್ಕಿ ಅಲ್ಲ.

ಬಸ್ಸು 5.30ಕ್ಕೆ ಅಂತ ಬರೆದಿರುತ್ತೆ. ಅದು ಐದು ಗಂಟೆ ಮೂವತ್ತು ನಿಮಿಷ. ಗಂಟೆಗೆ ಅರವತ್ತು ನಿಮಿಷ, ನೂರಲ್ಲ. ಒಬ್ಬ ತಂಗಿ ಬೆಳಿಗ್ಗೆ 2 ಗಂಟೆ 45 ನಿಮಿಷ ಬಟ್ಟೆ ಹೊಲಿದಳು. ಸಂಜೆ 1 ಗಂಟೆ 30 ನಿಮಿಷ ಹೊಲಿದಳು. 2.45ಕ್ಕೆ 1.30 ಕೂಡಿ 3.75 ಅಂದರೆ ತಪ್ಪು. 45ಕ್ಕೆ 30 ಕೂಡಿದರೆ 75 ನಿಮಿಷ. ಅದರಲ್ಲಿ ಅರವತ್ತು ನಿಮಿಷ ಒಂದು ಗಂಟೆ ಆಯಿತು, 15 ಉಳಿಯಿತು. ಒಟ್ಟು 4 ಗಂಟೆ 15 ನಿಮಿಷ.

ಅಡಿ, ಅಂಗುಲವೂ ಹಾಗೇ. ಅಡಿಗೆ ಹನ್ನೆರಡು ಅಂಗುಲ. ದುಡ್ಡು, ಕಿಲೋ, ಲೀಟರ್, ಮೀಟರ್ ಇವುಗಳಿಗೆ ಹತ್ತರ ಕಟ್ಟು. ಗಡಿಯಾರಕ್ಕೆ, ಅಡಿಗೆ ಬೇರೆ ಕಟ್ಟು.

ಅಕ್ಕನ ಲೆಕ್ಕ ಏನಾಯಿತು?

ಹಾಲಿನ ಅಕ್ಕನ ಚೀಟಿಗೆ ವಾಪಸ್ಸು ಬರೋಣ. ಅವರು ಚಾಪೆಯ ಮೇಲೆ ಕೂತು ತಾವೇ ಬರೆದರು:

4.50
– 4.05
———
0.45

ಒಂದು ದಿನಕ್ಕೆ 450 ಮಿಲಿ ಕಡಿಮೆ. ಎರಡು ದಿನಕ್ಕೆ 0.45 ಮತ್ತು 0.45 ಕೂಡಿದರೆ 0.90 ಲೀಟರ್. ಲೆಕ್ಕ ಸುಲಭವಾಗಲಿ ಅಂತ ಲೀಟರಿಗೆ 30 ರೂಪಾಯಿ ಇಟ್ಟುಕೊಂಡೆವು. ಒಂದು ದಿನಕ್ಕೆ 13.50 ರೂಪಾಯಿ. ಎರಡು ದಿನಕ್ಕೆ 27 ರೂಪಾಯಿ. ಇದೇ ತಪ್ಪು ಒಂದು ತಿಂಗಳು, ಅಂದರೆ ಮೂವತ್ತು ದಿನ ನಡೆದರೆ 405 ರೂಪಾಯಿ.

“27 ರೂಪಾಯಿಗೆ ಹೋಗಿ ಕೇಳೋದಾ?” ಅಂತ ಯಾರೋ ಅಂದರು.

ಅಕ್ಕ ಹೇಳಿದರು: “ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದು ಹುಲ್ಲು ಹಾಕೋಳು ನಾನು. ನನ್ನ ಹಾಲು ಎಷ್ಟು ಅಂತ ನನಗೇ ಗೊತ್ತಿರಬೇಕಲ್ಲ.”

ಮಾರನೇ ದಿನ ಚೀಟಿಗಳನ್ನು ತಗೊಂಡು ಹೋದರು. ಜಗಳ ಆಡಲಿಲ್ಲ. ಹತ್ತು ಚೀಟಿಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. “ಇವು ಎಂಟು ಹೀಗಿವೆ. ಇವೆರಡು ಯಾಕೆ ಹೀಗಿವೆ?” ಅಂತ ಕೇಳಿದರು. ಅಲ್ಲಿಯವರು ಪುಸ್ತಕ ತೆಗೆದು ನೋಡಿದರು. ಆ ಎರಡು ದಿನ ಬರೆದವರು ಹೊಸಬರು. ‘ನಾಲ್ಕು, ಐದು’ ಅಂತ ಕೇಳಿಸಿಕೊಂಡು 4.05 ಅಂತ ಬರೆದಿದ್ದರು. ಬೇಕೆಂದು ಮಾಡಿದ್ದಲ್ಲ. ಪುಸ್ತಕದಲ್ಲಿ ತಿದ್ದಿದರು. ಮುಂದಿನ ಬಟವಾಡೆಯಲ್ಲಿ ದುಡ್ಡು ಸೇರಿ ಬಂತು. ಆ ಎರಡು ದಿನ ಅದೇ ರೀತಿ ತಪ್ಪಾಗಿದ್ದ ಇನ್ನೂ ಕೆಲವರ ಲೆಕ್ಕವೂ ಸರಿಯಾಯಿತು.

ಕೆಲವು ವಾರಗಳ ನಂತರ ಇನ್ನೊಂದು ಚೀಟಿ ತಂದರು. ಅದರಲ್ಲಿ 5.4 ಅಂತ ಇತ್ತು. ಹಾಲು ಹಾಕಿದ್ದು ನಾಲ್ಕೂವರೆಯೇ. ಅಂಕಿ ಹಿಂದುಮುಂದಾಗಿತ್ತು. ಈ ಸಲ ತಪ್ಪು ಅವರಿಗೆ ಲಾಭದ್ದು. 5.4ರಲ್ಲಿ 4.5 ಕಳೆದರೆ 0.9 ಲೀಟರ್. ಮತ್ತೆ ಅದೇ 27 ರೂಪಾಯಿ! ಅಕ್ಕ ಅದನ್ನೂ ತಿದ್ದಿಸಿ ಬಂದರು. “ಆವತ್ತು ಕೇಳಿದ ಬಾಯಿ ಇವತ್ತು ಸುಮ್ಮನಿದ್ದರೆ ಹೇಗೆ?” ಅಂದರು.

ಈಗ ಅವರು ಡೈರಿಯಲ್ಲಿ ನಿಂತು ಚೀಟಿಯನ್ನು ಗಟ್ಟಿಯಾಗಿ ಓದ್ತಾರೆ. ಓದಿ ಆದ ಮೇಲೆ ಕ್ಯಾನು ಎತ್ತಿಕೊಳ್ತಾರೆ. ಹಿಂದೆ ನಿಂತವರೂ ತಮ್ಮ ಚೀಟಿಯನ್ನು ಅವರ ಕೈಗೆ ಕೊಟ್ಟು, ‘ನನ್ನದೂ ಓದು’ ಅಂತಾರೆ. ಅಕ್ಕ ಅವರಿಗೆ ಓದಿ ಹೇಳ್ತಾರೆ. ಆಮೇಲೆ, ‘ಸಂಜೆ ನೀನೂ ಬಾ, ಕಲಿ’ ಅಂತಾರೆ. ಹಾಗೆ ನಮ್ಮ ಕೇಂದ್ರಕ್ಕೆ ಮೂವರು ಹೊಸದಾಗಿ ಸೇರಿದ್ದಾರೆ.

ನೆನಪಿಡಿ

1. ಚುಕ್ಕಿಯ ಕೆಳಗೆ ಚುಕ್ಕಿ ಬರಲಿ.
2. ಖಾಲಿ ಮನೆಗೆ ಸೊನ್ನೆ ತುಂಬಿ.
3. ಚುಕ್ಕಿಯ ಪಕ್ಕದ ಸೊನ್ನೆಯನ್ನು ನುಂಗಬೇಡಿ.
4. ಮೊದಲು ಅಂದಾಜು, ಆಮೇಲೆ ಲೆಕ್ಕ, ಕೊನೆಗೆ ತಾಳೆ.
5. ಅನುಮಾನ ಬಂದರೆ ಚೀಟಿ ತೋರಿಸಿ ಕೇಳಿ.

ನೀವೇ ಮಾಡಿ ನೋಡಿ

1. ಬೆಳಿಗ್ಗೆ 5.25 ಲೀಟರ್ ಹಾಲು ಹಾಕಿದಿರಿ. ಸಂಜೆ 4.5 ಲೀಟರ್ ಹಾಕಿದಿರಿ. ಒಟ್ಟು ಎಷ್ಟು?

2. ಮನೆಯಲ್ಲಿ 10 ಕೆ.ಜಿ. ರಾಗಿ ಇದೆ. 3.75 ಕೆ.ಜಿ. ಬೀಸಿಸಿದಿರಿ. ಎಷ್ಟು ಉಳಿಯಿತು?

3. 3 ಮೀಟರ್ ಬಟ್ಟೆ ತಂದಿರಿ. ಒಂದು ರವಿಕೆಗೆ 0.8 ಮೀಟರ್ ಬೇಕು. ಎರಡು ರವಿಕೆ ಹೊಲಿಸಿದರೆ ಎಷ್ಟು ಬಟ್ಟೆ ಉಳಿಯುತ್ತೆ?

4. ಮಗುವಿಗೆ ಜ್ವರ 101.2 ಇತ್ತು. ಆಮೇಲೆ 98.6ಕ್ಕೆ ಇಳಿಯಿತು. ಎಷ್ಟು ಇಳಿಯಿತು?

ಉತ್ತರಗಳು: 1) 9.75 ಲೀಟರ್. 2) 6.25 ಕೆ.ಜಿ. 3) 1.4 ಮೀಟರ್. 4) 2.6 ಡಿಗ್ರಿ.

ಉತ್ತರ ಮೊದಲೇ ನೋಡಬೇಡಿ. ತಪ್ಪಾದರೂ ಪರವಾಗಿಲ್ಲ. ನಾವೂ ಬೋರ್ಡಿನ ಮೇಲೆ ತಪ್ಪಿದವರೇ. ತಿದ್ದಿಕೊಂಡೆವು, ಅಷ್ಟೆ.

ನಾಳೆ ಬರುವಾಗ ನಿಮ್ಮ ಮನೆಯಲ್ಲಿರುವ ಚುಕ್ಕಿ ಇರುವ ಒಂದು ಕಾಗದ ತನ್ನಿ. ಹಾಲಿನ ಚೀಟಿಯೋ, ಪಾಸ್‌ಬುಕ್ಕೋ, ಕರೆಂಟು ಬಿಲ್ಲೋ, ತಾಯಿ ಕಾರ್ಡೋ, ಯಾವುದಾದರೂ ಸರಿ. ಎಲ್ಲರೂ ಕೂಡಿ ಓದೋಣ.

ಹೊತ್ತಾಯಿತು, ಜೋಪಾನವಾಗಿ ಮನೆಗೆ ಹೋಗಿ ಬನ್ನಿ.